ಬೆಳೆ ಕಾಯುವ ಬಂದೂಕಿಗೆ ಸರ್ಕಾರಿ ಲೈಸೆನ್ಸ್: ಈ ಸೇವೆಯ ಗುಣ, ದೋಷ, ಅರ್ಜಿಯ ದಾರಿ

ದರೋಜಿ ಕರಡಿಧಾಮದ ಸುತ್ತಲಿನ ಊರುಗಳಲ್ಲಿ, ಆನೆಗೊಂದಿ ಬೆಟ್ಟಸಾಲಿನ ಕೆಳಗಿನ ಹೊಲಗಳಲ್ಲಿ, ಯಲಬುರ್ಗಾ, ಕುಷ್ಟಗಿಯ ಎರೆ ಸೀಮೆಯಲ್ಲಿ ಬಿತ್ತೋದು ಎಷ್ಟು ಕೆಲಸವೋ ರಾತ್ರಿ ಕಾಯೋದೂ ಅಷ್ಟೇ ಕೆಲಸ. ಮೆಕ್ಕೆಜೋಳ ಹಾಲುಗಾಳು ಹಿಡಿದ ವಾರ ಕಾಡುಹಂದಿ ಇಳಿಯುತ್ತವೆ. ಶೇಂಗಾ ಕಾಯಿ ಕಟ್ಟಿದರೆ ಸಾಲಿಗೆ ಸಾಲೇ ಕೆದರಿ ಹೋಗುತ್ತವೆ. ಕಡಲೆ, ಜೋಳದ ಎಳೆ ಪೈರಿಗೆ ಜಿಂಕೆ ಹಿಂಡು ಬರುತ್ತದೆ. ಹೀಗೆ ಕಂಗೆಟ್ಟ ರೈತನ ಕಿವಿಗೆ ಇವತ್ತು ಎರಡು ಮಾತು ಬೀಳುತ್ತಿವೆ. ಒಂದು, ‘ಸರ್ಕಾರವನ್ನು ಕೇಳಬೇಡ, ಬಂದೂಕು ಮನೆಯಲ್ಲೇ ಮಾಡಿಕೋ, ಅದು ನಿನ್ನ ಹಕ್ಕು’ ಅನ್ನೋದು. ಇನ್ನೊಂದು, ‘ಲೈಸೆನ್ಸ್ ನಮ್ಮಂಥವರಿಗೆ ಎಲ್ಲಿ ಸಿಗುತ್ತೆ, ಬಿಡು’ ಅನ್ನೋದು. ಎರಡೂ ರೈತನನ್ನು ದಾರಿ ತಪ್ಪಿಸುತ್ತವೆ. ಎರಡನೆಯ ಮಾತು ಕೇಳಿ ಕೈಚೆಲ್ಲಿದವನೇ ಮೊದಲನೆಯದರ ಬಲೆಗೆ ಬೀಳೋದು. ಅದಕ್ಕೇ ಬೆಳೆ ರಕ್ಷಣೆಯ ಬಂದೂಕು ಲೈಸೆನ್ಸ್ ಎಂಬ ಸರ್ಕಾರಿ ಸೇವೆಯನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ.

ಮೊದಲು ಆ ಮೊದಲನೆಯ ಮಾತಿನ ಬಗ್ಗೆ. ಆಯುಧ ಮಾಡುವ ವಿದ್ಯೆಯನ್ನು ಎಲ್ಲರಿಗೂ ಹಂಚೋದೇ ರಾಜಕೀಯ ಹೋರಾಟ ಎಂಬ ವಾದ ಜೋರಾಗಿ ಕೇಳಿಬಂದದ್ದು ಅಮೆರಿಕದಲ್ಲಿ. 2013ರ ಮೇ ತಿಂಗಳಲ್ಲಿ ಕೋಡಿ ವಿಲ್ಸನ್ ಎಂಬಾತನ ಡಿಫೆನ್ಸ್ ಡಿಸ್ಟ್ರಿಬ್ಯೂಟೆಡ್ ಸಂಸ್ಥೆ ‘ಲಿಬರೇಟರ್’ ಎಂಬ ತ್ರೀಡಿ ಪ್ರಿಂಟ್ ಪಿಸ್ತೂಲಿನ ನಕ್ಷೆಯನ್ನು ಇಂಟರ್ನೆಟ್‌ಗೆ ಹಾಕಿತು. ಎರಡು ದಿನದಲ್ಲಿ ಅದು ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಯಿತು, ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆ ತೆಗೆಸಿತು. ನಕ್ಷೆ ಅಂದರೆ ಬರಹ, ಬರಹಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂಬುದು ಅವರ ವಾದ. ಆಯುಧದ ಹಕ್ಕು ಸಂವಿಧಾನದಲ್ಲೇ ಇರುವ ಆ ದೇಶದಲ್ಲೂ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಮನೆಯಲ್ಲಿ ಜೋಡಿಸಿಕೊಳ್ಳುವ ಬಂದೂಕಿನ ಕಿಟ್‌ಗಳನ್ನು ಸರ್ಕಾರ ನಿಯಂತ್ರಿಸಬಹುದು ಎಂದಿತು. 2022ರ ಜುಲೈನಲ್ಲಿ ಜಪಾನಿನ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಕೊಂದದ್ದೂ ಮನೆಯಲ್ಲಿ ಮಾಡಿದ ಬಂದೂಕೇ.

ನಮ್ಮ ಸೀಮೆಯಲ್ಲಿ ಈ ವಾದ ಬೇರೆ ವೇಷ ತೊಟ್ಟು ಬರುತ್ತದೆ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿ ಬೇಡರ ಹೆಸರು ಹೇಳುತ್ತಾರೆ. 1858ರಲ್ಲಿ ಕೊಪ್ಪಳ ಕೋಟೆಯಲ್ಲಿ ಹೋರಾಡಿ ಮಡಿದ ಮುಂಡರಗಿ ಭೀಮರಾಯರ ಹೆಸರು ಹೇಳುತ್ತಾರೆ. ಅವರ ಹೆಸರು ಹೇಳುವಾಗ ಎದೆಯುಬ್ಬದ ಮನುಷ್ಯ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಯಲ್ಲಿ ಇರಲಾರ. ಆದರೆ ಅವರು ಎದುರಿಸಿದ್ದು ಊರವರನ್ನು ಒಂದು ಮಾತೂ ಕೇಳದೆ ಕಂಪನಿ ಸರ್ಕಾರ ಹೇರಿದ ಕಾನೂನು. ಅದರ ಬೆನ್ನಿಗೆ ಬಂದ 1878ರ ಆಯುಧ ಕಾಯ್ದೆಯಲ್ಲಿ ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿನವನಿಗೆ ಬೇಡ. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿದ್ದು ಆ ಅವಮಾನಕ್ಕೆ ಉತ್ತರವಾಗಿ. ಅಲ್ಲೂ ‘ಅದಕ್ಕಾಗಿ ಮಾಡಿದ ನಿಯಮಗಳಿಗೆ ಒಳಪಟ್ಟು’ ಎಂಬ ಷರತ್ತು ಇತ್ತು. ಸ್ವತಂತ್ರ ಭಾರತದ ಸಂವಿಧಾನ ಬಂದಾಗ ಆ ಹಕ್ಕು ಒಳಗೆ ಬರಲಿಲ್ಲ. 19ನೇ ವಿಧಿ ಸಭೆ ಸೇರುವ ಹಕ್ಕು ಕೊಡುತ್ತದೆ, ಆದರೆ ‘ಶಾಂತಿಯಿಂದ, ನಿರಾಯುಧರಾಗಿ’ ಎನ್ನುತ್ತದೆ.

ಹಾಗಾದರೆ ರೈತನಿಗೆ ಏನೂ ಇಲ್ಲವೇ? ಇದೆ. ಅದು 1959ರ ಆಯುಧ ಕಾಯ್ದೆಯ 13ನೇ ಕಲಮಿನ 3ನೇ ಉಪಕಲಮಿನಲ್ಲಿದೆ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕು, ಅಂದರೆ ಮಜಲ್ ಲೋಡರ್, ಕೇಳಿದ ನಾಗರಿಕನಿಗೆ ಅಧಿಕಾರಿ ಲೈಸೆನ್ಸ್ ‘ಕೊಡತಕ್ಕದ್ದು’ ಎಂದು ಅಲ್ಲಿ ಬರೆದಿದೆ. ಪಿಸ್ತೂಲು, ರಿವಾಲ್ವರ್ ಕೇಳುವವನು ತನಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಬೇಕು. ಬೆಳೆ ಕಾಯುವವನ ಸ್ಥಾನ ಅದಕ್ಕಿಂತ ಗಟ್ಟಿ. ಮಜಲ್ ಲೋಡರ್ ಸಾಲದು ಎಂದು ಅಧಿಕಾರಿಗೆ ಅನ್ನಿಸಿದರೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ನಯನಳಿಗೆ (ನಳಿಗೆಯ ಒಳಮೈ ನುಣುಪಾಗಿರುವ, ಸ್ಮೂತ್ ಬೋರ್) ಬಂದೂಕಿಗೂ ಲೈಸೆನ್ಸ್ ಕೊಡಬಹುದು. 14ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ. ಎರಡು ಎಕರೆ ಮಸಾರಿ ಹೊಲದವನೂ ಅರ್ಜಿ ಹಾಕಬಹುದು. ಹಂಚಬೇಕಾದ ವಿದ್ಯೆ ಇದು. ಇದನ್ನು ಊರ ಕಟ್ಟೆಯ ಮೇಲೆ ಓದಿ ಹೇಳಿದರೆ ಅದೇ ದೊಡ್ಡ ರಾಜಕೀಯ ಕೆಲಸ.

ಅರ್ಜಿಯ ದಾರಿ ಹೀಗಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ಡಿಸಿ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿ ನಮೂನೆ ಎ–1. ಅರ್ಜಿ ಎನ್‌ಡಿಎಎಲ್–ಎಎಲ್‌ಐಎಸ್ ಎಂಬ ಕೇಂದ್ರದ ಪೋರ್ಟಲ್ ಮೂಲಕ ಹೋಗುತ್ತದೆ. ಲೈಸೆನ್ಸ್ ಆದಾಗ ಯುಐಎನ್ ಎಂಬ ಗುರುತಿನ ಸಂಖ್ಯೆ ಹುಟ್ಟೋದೂ ಅಲ್ಲೇ. ಆ ಸಂಖ್ಯೆ ಇಲ್ಲದ ಲೈಸೆನ್ಸಿಗೆ ಬೆಲೆ ಇಲ್ಲ. ವಯಸ್ಸು 21 ತುಂಬಿರಬೇಕು. ಜೊತೆಗೆ ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಅಳತೆಯ ಫೋಟೊ, ಗುರುತು, ವಿಳಾಸ ಮತ್ತು ಹುಟ್ಟಿದ ದಿನಾಂಕದ ದಾಖಲೆ, ಆಯುಧ ಸುರಕ್ಷತೆಯ ತರಬೇತಿ ಪತ್ರ (ನಮೂನೆ ಎಸ್–1), ಬಂದೂಕನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ (ಎಸ್–2), ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪತ್ರ (ಎಸ್–3) ಬೇಕು. ಬೆಳೆ ರಕ್ಷಣೆ ಎಂದ ಮೇಲೆ ಪಹಣಿ ಇರಲೇಬೇಕು.

ಹೆಚ್ಚು ಅರ್ಜಿಗಳು ಎಡವೋದು ಈ ಪಹಣಿಯಲ್ಲೇ. 9ನೇ ಕಾಲಮಿನಲ್ಲಿ ಮಾಲೀಕನ ಹೆಸರು, 12ನೇ ಕಾಲಮಿನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತದೆ. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ, ಕಾಗದದ ಪ್ರಕಾರ ಅರ್ಜಿದಾರನಿಗೆ ಕಾಯಬೇಕಾದ ಬೆಳೆಯೇ ಇಲ್ಲ. ಪೌತಿ ಖಾತೆ ಮಾಡಿಸಿ, ಮ್ಯುಟೇಶನ್ ಆದ ಹೊಸ ಪಹಣಿ ತೆಗೆಸಿ, ಆಮೇಲೆಯೇ ಅರ್ಜಿ ಹಾಕಿ. ಜಂಟಿ ಖಾತೆಯಾದರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಮೊದಲೇ ಇಟ್ಟುಬಿಡಿ. ಇಲ್ಲವಾದರೆ ಪೊಲೀಸರು ವಿಚಾರಣೆಗೆ ಬಂದ ದಿನ ಮನೆಯೊಳಗಿನ ತಕರಾರು ಠಾಣೆಯ ವರದಿಗೆ ಏರುತ್ತದೆ. 12ನೇ ಕಾಲಮಿನಲ್ಲಿ ‘ಬೀಳು’ ಎಂದಿದ್ದು ಅರ್ಜಿಯಲ್ಲಿ ಮೆಕ್ಕೆಜೋಳ ಎಂದು ಬರೆದರೂ ಅರ್ಜಿ ಬಿದ್ದುಹೋಗುತ್ತದೆ. ಬೆಳೆ ಸಮೀಕ್ಷೆ ನಡೆಯುವಾಗಲೇ ಬೆಳೆ ಸರಿಯಾಗಿ ಏರಿದೆಯೇ ಎಂದು ನೋಡಿಕೊಳ್ಳಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಅನ್ನೋದು ನಮ್ಮ ಕಡೆ ಸಾಮಾನ್ಯ: ಒಂದರಲ್ಲಿ ತಂದೆಯ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಮನೆತನದ ಹೆಸರು. ಇಬ್ಬರೂ ಒಬ್ಬನೇ ಎಂಬ ಅಫಿಡವಿಟ್ ಜೊತೆಗಿರಲಿ.

ಎರಡನೆಯದು ಪ್ರಾಣಿ ಹಾವಳಿಯ ಪುರಾವೆ. ‘ಹಂದಿ ಕಾಟ ಜಾಸ್ತಿ’ ಎಂದು ಒಂದು ಸಾಲು ಬರೆದರೆ ಅದು ದೂರು ಮಾತ್ರ. ಬೆಳೆ ಹಾಳಾದ ಪ್ರತಿ ಸಲ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕು. ಅದಕ್ಕೆ ಇ–ಪರಿಹಾರ ವ್ಯವಸ್ಥೆ ಇದೆ. ಹಾನಿಯಾದ ಸಾಲಿನ ಫೋಟೊ, ಹೆಜ್ಜೆ ಗುರುತಿನ ಫೋಟೊ, ಸರ್ವೆ ನಂಬರ್, ಮಹಜರಿನ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿ ಕೂಡಿಸಿ. ಸಿಗುವ ಪರಿಹಾರ ಚಿಕ್ಕದಿರಬಹುದು, ಆದರೆ ಆ ಅರ್ಜಿ ಸಂಖ್ಯೆಗಳೇ ನಾಳೆ ‘ನಿಜವಾದ ಬೆಳೆ ರಕ್ಷಣೆ’ ಎಂಬುದಕ್ಕೆ ಸಾಕ್ಷಿ. ಒಂದೇ ಹಂಗಾಮಿನಲ್ಲಿ ಅಕ್ಕಪಕ್ಕದ ನಾಲ್ಕು ಹೊಲದವರು ಹಾಕಿದ ಅರ್ಜಿಗಳಿದ್ದರೆ ಆ ಫೈಲಿನ ತೂಕವೇ ಬೇರೆ.

ಮೂರನೆಯದು ಪೊಲೀಸ್ ವರದಿ. ಹತ್ತಿರದ ಠಾಣೆಯಿಂದ ಡಿಸಿ ವರದಿ ತರಿಸಿಕೊಳ್ಳಬೇಕು. ಹಳೆಯ ಪ್ರಕರಣ, ಬದುವಿನ ಜಗಳ, ಮನೆಯಲ್ಲಿ ಬಂದೂಕು ಎಲ್ಲಿ ಇಡುತ್ತೀರಿ ಎಂಬುದನ್ನೆಲ್ಲ ಕೇಳುತ್ತಾರೆ. ಬೀಗ ಹಾಕುವ ಕಬ್ಬಿಣದ ಅಲಮಾರಿ ತೋರಿಸಿ. ಗೋಡೆಯ ಮೊಳೆಗೆ ನೇತುಹಾಕುತ್ತೇನೆ ಎಂಬ ಉತ್ತರ ಕೇಳಿದರೆ ಯಾರೂ ಒಳ್ಳೆಯ ವರದಿ ಬರೆಯಲಾರರು. ರೈತ ಹೋರಾಟದಲ್ಲಿ ರಸ್ತೆ ತಡೆ ಮಾಡಿ ಕೇಸು ಹಾಕಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಅದನ್ನು ಮುಚ್ಚಿಡಬೇಡಿ. ಕೇಸಿನ ನಂಬರ್, ಕಲಂ, ಈಗ ಯಾವ ಹಂತದಲ್ಲಿದೆ ಎಂದು ಅರ್ಜಿಯಲ್ಲೇ ಬರೆಯಿರಿ. ಮುಖ್ಯ ಮಾಹಿತಿ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು 17ನೇ ಕಲಮಿನಡಿ ರದ್ದು ಮಾಡಬಹುದು. ಆಗ ಬಂದೂಕೂ ಹೋಯಿತು, ಮುಂದಿನ ಅರ್ಜಿಯ ದಾರಿಯೂ ಮುಚ್ಚಿತು.

ಈ ಸೇವೆಯ ದೊಡ್ಡ ದೋಷ ಕಾಲ. ಅರ್ಜಿ ಹಾಕಿದ ರೈತನಿಗೆ ಫೈಲ್ ಯಾವ ಮೇಜಿನ ಮೇಲಿದೆ ಎಂದು ಹೇಳುವವರು ಇರುವುದಿಲ್ಲ. ಇದಕ್ಕೆ ಕಾನೂನಿನಲ್ಲೇ ಮದ್ದಿದೆ: ನಿಗದಿತ ಅವಧಿಯಲ್ಲಿ ಪೊಲೀಸ್ ವರದಿ ಬರದಿದ್ದರೆ ಅದಕ್ಕೆ ಕಾಯದೆಯೇ ಅಧಿಕಾರಿ ಆದೇಶ ಮಾಡಬಹುದು ಎಂದು 13ನೇ ಕಲಂ ಹೇಳುತ್ತದೆ. ಅದನ್ನು ನೆನಪಿಸುವ ಸಾಧನ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಭಾಷಣ ಬರೆಯದೆ ನಾಲ್ಕೇ ಪ್ರಶ್ನೆ ಕೇಳಿ: ನನ್ನ ಅರ್ಜಿ ಠಾಣೆಗೆ ಹೋದ ದಿನಾಂಕ, ವರದಿ ಮರಳಿ ಬಂದ ದಿನಾಂಕ, ಈಗ ಫೈಲ್ ಇರುವ ಅಧಿಕಾರಿಯ ಹುದ್ದೆ, ಕಡತದ ಟಿಪ್ಪಣಿ ಪುಟಗಳ ಪ್ರತಿ. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ತಿರಸ್ಕಾರವಾದರೆ 14ನೇ ಕಲಮಿನ 3ನೇ ಉಪಕಲಮಿನಂತೆ ಕಾರಣ ಲಿಖಿತವಾಗಿ ದಾಖಲಾಗಬೇಕು, ಕೇಳಿದರೆ ಅದರ ಸಂಕ್ಷೇಪ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎಂದು ಅಧಿಕಾರಿಗೆ ಅನ್ನಿಸಿದಾಗ ಮಾತ್ರ ಆ ಸಂಕ್ಷೇಪ ಕೊಡಲು ನಿರಾಕರಿಸಬಹುದು. ಆ ಕಾಗದ ಕೈಯಲ್ಲಿ ಹಿಡಿದು 18ನೇ ಕಲಮಿನಡಿ ಮೇಲ್ಮನವಿ ಹಾಕಬೇಕು. ‘ಆಗಲ್ಲ ಹೋಗ್ರೀ’ ಎಂಬ ಬಾಯಿಮಾತಿನ ಮೇಲೆ ಯಾವ ಮೇಲ್ಮನವಿಯೂ ನಿಲ್ಲದು.

ಎರಡನೆಯ ದೋಷ ಭಾಷೆ. ಕೇಂದ್ರದ ರಾಜ್ಯಪತ್ರದಲ್ಲಿ ನಿಯಮಗಳೂ ನಮೂನೆಗಳೂ ಹಿಂದಿ, ಇಂಗ್ಲಿಷಿನಲ್ಲಿವೆ. ಸಿಂಧನೂರಿನ, ಸಂಡೂರಿನ ರೈತ ಸೈಬರ್ ಅಂಗಡಿಯ ಹುಡುಗ ತುಂಬಿಕೊಟ್ಟದ್ದಕ್ಕೆ ಸಹಿ ಹಾಕುತ್ತಾನೆ. ಆ ಹುಡುಗ ಅರ್ಜಿಯ ಉದ್ದೇಶದ ಕಡೆ ಗಮನ ಕೊಡದೆ ‘ಸ್ವರಕ್ಷಣೆ’ ಎಂದು ಗುರುತು ಹಾಕಿದರೆ, ಬೆಳೆ ರಕ್ಷಣೆಗೆಂದೇ ಕಾನೂನು ಇಟ್ಟ ಆಧಾರ ಕೈತಪ್ಪುತ್ತದೆ. ‘ಬೆಳೆ ರಕ್ಷಣೆ’ ಎಂಬುದೇ ಇದೆಯೇ ಎಂದು ಸಹಿಗೆ ಮೊದಲು ಓದಿಸಿ ಕೇಳಿ. ನಮೂನೆ ಎ–1ರ ಕನ್ನಡ ಅನುವಾದವನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲು ಯಾವ ರೈತ ಸಂಘಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ. ಬಂದೂಕಿನ ನಕ್ಷೆ ಹಂಚುವ ಹುಮ್ಮಸ್ಸಿನಲ್ಲಿ ಕಾಲುಭಾಗ ಇದಕ್ಕೆ ಬಂದರೂ ಸಾವಿರ ಮನೆಗೆ ಉಪಕಾರವಾದೀತು.

ಲೈಸೆನ್ಸ್ ಬಂದ ಮೇಲೆ ಬಂದೂಕನ್ನು ಲೈಸೆನ್ಸ್ ಇರುವ ಮಾರಾಟಗಾರನಿಂದಲೇ, ಕಾಗದದಲ್ಲಿ ಬರೆದ ಅವಧಿಯೊಳಗೆ ಕೊಳ್ಳಬೇಕು. ನಳಿಗೆಯ ಮೇಲೆ ಕೆತ್ತಿದ ನಂಬರ್, ತಯಾರಕನ ಹೆಸರು, ಪ್ರೂಫ್ ಗುರುತು ಮೂರನ್ನೂ ಬೆಳಕಿಗೆ ಹಿಡಿದು ಓದಿ, ಬಿಲ್ಲಿನ ನಂಬರಿನ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿ. ಆ ಪ್ರೂಫ್ ಗುರುತಿನ ಅರ್ಥ ದೊಡ್ಡದು. ಬಳಕೆಯಲ್ಲಿ ಬರುವುದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಆ ನಳಿಗೆಯನ್ನು ಒಡ್ಡಿ ನೋಡಿದ್ದಾರೆ, ಅದು ತಡೆದಿದೆ ಎಂದು ಅದು ಹೇಳುತ್ತದೆ. ಮನೆಯಲ್ಲಿ ಮಾಡಿದ ಬಂದೂಕಿಗೆ ಇಲ್ಲದಿರುವುದು ಇದೇ. ಅದು ಹತ್ತು ಸಲ ಚೆನ್ನಾಗಿ ಸಿಡಿಯಬಹುದು. ಆದರೆ ಪ್ರತಿ ಸಿಡಿತಕ್ಕೂ ಲೋಹದೊಳಗೆ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತಿರುತ್ತದೆ. ಒಡೆಯೋದು ಹಿಂಬದಿಯಲ್ಲಿ, ಹಿಡಿದವನ ಕೆನ್ನೆ ಮತ್ತು ಎಡಗೈ ಇರುವ ಜಾಗದಲ್ಲಿ.

ಅನಿಲ ಹೊತ್ತಿಸಿ ಸದ್ದು ಮಾಡುವ ಕಾರ್ಬೈಡ್ ಪೈಪಿನ ಕಥೆಯೂ ಬೇರೆಯಲ್ಲ. ಕೋತಿ, ಹಕ್ಕಿ ಓಡಿಸಲು ಎಂದು ಶುರುವಾದ ಈ ಪೈಪು 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಜನರ, ಅದರಲ್ಲೂ ಮಕ್ಕಳ, ಕಣ್ಣಿಗೆ ಪೆಟ್ಟು ಮಾಡಿತು. ಒಳಗಿನ ಅನಿಲ ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಯಾಕೆ ಸಿಡಿಯಲಿಲ್ಲ ಎಂದು ಬಗ್ಗಿ ಬಾಯೊಳಗೆ ನೋಡುವ ಹೊತ್ತಿಗೆ ಸರಿಯಾಗಿ ಸಿಡಿಯುತ್ತದೆ. ಹೊಲದಲ್ಲಿ ಇದನ್ನು ಮಕ್ಕಳ ಕೈಗೆ ಕೊಟ್ಟು ಕಾವಲು ಕೂರಿಸುವ ರೂಢಿ ಇವತ್ತೇ ನಿಲ್ಲಬೇಕು.

ಶಿಕ್ಷೆಯ ಲೆಕ್ಕವನ್ನೂ ನೋಡಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸಜೆ. ಬಂದೂಕು ಬರೀ ಇಟ್ಟುಕೊಂಡದ್ದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ನಕ್ಷೆ ಹಂಚಿದವನು ದೂರದಲ್ಲಿ ಸುರಕ್ಷಿತವಾಗಿರುತ್ತಾನೆ. ಏಳು ವರ್ಷ ಒಳಗೆ ಕೂರೋದು ಕುಲುಮೆಯ ಮನೆಯ ಹುಡುಗ, ಹೊಲ ಪಾಲಾಗೋದು ಅವನ ಮನೆಯವರದು. ರೈತನ ಹೆಸರಿನಲ್ಲಿ ರೈತನ ಮೇಲೇ ಇಷ್ಟು ಭಾರ ಹೊರಿಸುವ ಹೋರಾಟವನ್ನು ನಾವು ಒಪ್ಪಲಾರೆವು. ಕೊಡವರನ್ನು ನೋಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಆಯುಧ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರು ಅದನ್ನು ಉಳಿಸಿಕೊಂಡದ್ದು ಮನವಿ, ದಾಖಲೆ, ವಾದದಿಂದ.

ಲೈಸೆನ್ಸ್ ಕೈಗೆ ಬಂತು ಅಂದರೆ ಪ್ರಾಣಿ ಹೊಡೆಯಲು ಅಪ್ಪಣೆ ಬಂತು ಎಂದಲ್ಲ. ಅದನ್ನು ನೋಡಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕರಡಿ, ಚಿರತೆ, ಕೃಷ್ಣಮೃಗ, ನವಿಲು ಅದರ ಒಂದನೇ ಅನುಸೂಚಿಯಲ್ಲಿವೆ (ಶೆಡ್ಯೂಲ್), ಬೆಳೆ ತಿಂದವೆಂದು ಅವನ್ನು ಮುಟ್ಟುವಂತಿಲ್ಲ. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ಎಂದು ಮನವರಿಕೆಯಾದರೆ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಆ ಕಾಗದ ಇಲ್ಲದ ತನಕ ಬಂದೂಕಿನ ಉಪಯೋಗ ಸದ್ದಿಗಷ್ಟೇ. ಆ ಸದ್ದಿಗೂ ಹಂದಿ ಹೊಂದಿಕೊಳ್ಳುತ್ತದೆ: ದಿನವೂ ಅದೇ ಹೊತ್ತಿಗೆ, ಅದೇ ಮೂಲೆಯಿಂದ ಹೊಡೆದರೆ ಕೆಲವೇ ದಿನದಲ್ಲಿ ಹೆದರಿಕೆ ಹೋಗುತ್ತದೆ. ಹೊತ್ತು, ಜಾಗ ಬದಲಿಸುತ್ತಿರಬೇಕು, ಹಿಂಡು ಹೊಲದೊಳಗೆ ಬರುವ ಮುನ್ನ ಬದುವಿನಲ್ಲೇ ತಡೆಯಬೇಕು. ದರೋಜಿ ಕಡೆಯವರು ಇನ್ನೊಂದು ಎಚ್ಚರ ವಹಿಸಬೇಕು. ಮರಿ ಜೊತೆಗಿರುವ ಕರಡಿ ಸದ್ದಿಗೆ ಓಡುವ ಬದಲು ಮೈಮೇಲೆ ಬರಬಹುದು.

ಈ ಸೇವೆ ಯಾರಿಗೆ ಎಂದು ಕೇಳಿದರೆ, ಕಾಡಂಚಿನಲ್ಲಿ ಹೊಲ ಇರುವ, ಪಹಣಿ ಚೊಕ್ಕಟವಾಗಿರುವ, ಒಂದೆರಡು ಹಂಗಾಮಿನ ಹಾನಿಯ ದಾಖಲೆ ಕೂಡಿಸಿಟ್ಟ ರೈತನಿಗೆ ಖಂಡಿತ ಎನ್ನುತ್ತೇವೆ. ಮಾನ್ವಿ, ಸಿಂಧನೂರು ಕಡೆಯ ಕಾಲುವೆ ಭತ್ತದ ನಡುವೆ, ಗುಡ್ಡದಿಂದ ದೂರ ಇರುವವರಿಗೆ ಈ ಓಡಾಟಕ್ಕಿಂತ ನಾಲ್ಕು ಮನೆ ಸೇರಿ ಹಾಕಿಸುವ ಸೋಲಾರ್ ಬೇಲಿ ಮೇಲು. ಆದರೆ ಬೇಲಿಗೆ ಪ್ರಮಾಣಿತ ಎನರ್ಜೈಸರನ್ನೇ (ತಂತಿಗೆ ಕರೆಂಟನ್ನು ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಬಿಡುವ ಸಾಧನ) ಹಾಕಿಸಿ. ಪಂಪ್‌ಸೆಟ್ ಲೈನಿನಿಂದ ನೇರವಾಗಿ ಕರೆಂಟ್ ಎಳೆದ ತಂತಿಗೆ ಹಂದಿಗಿಂತ ಮೊದಲು ನೀರು ಕಟ್ಟಲು ಹೋದ ಮನುಷ್ಯ ಸಿಗುತ್ತಾನೆ.

ಲೈಸೆನ್ಸಿನ ಅವಧಿ ಈಗ 5 ವರ್ಷ. ನವೀಕರಣದ ಅರ್ಜಿಯನ್ನು ಮುಗಿಯುವ ಎರಡು ತಿಂಗಳು ಮೊದಲೇ ಹಾಕಿ. ಚುನಾವಣೆ ಘೋಷಣೆಯಾದಾಗ ಬಂದೂಕು ಠೇವಣಿ ಇಡಲು ಆದೇಶ ಬರುತ್ತದೆ, ಅದು ಬೆಳೆ ಕಾಯುವ ಹೊತ್ತೇ ಆಗಿರಬಹುದು. ವಿನಾಯಿತಿ ಬೇಕಾದರೆ ಡಿಸಿ ಮತ್ತು ಎಸ್‌ಪಿ ಇರುವ ಪರಿಶೀಲನಾ ಸಮಿತಿಗೆ ಪಹಣಿ ಮತ್ತು ಪರಿಹಾರ ಅರ್ಜಿಗಳ ಪ್ರತಿ ಲಗತ್ತಿಸಿ ಕೂಡಲೇ ಮನವಿ ಕೊಡಿ. ಠೇವಣಿ ಇಡಲೇಬೇಕಾದರೆ ಬಂದೂಕಿನ ನಂಬರ್, ಅದರ ಸ್ಥಿತಿ, ದಿನಾಂಕ ಬರೆದ ರಸೀದಿ ಪಡೆಯದೆ ಠಾಣೆಯ ಮೆಟ್ಟಿಲು ಇಳಿಯಬೇಡಿ.

ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ತೀರಿಹೋದ ಅಪ್ಪನ ಬಂದೂಕು ಇನ್ನೂ ಇರುತ್ತದೆ. ಲೈಸೆನ್ಸಿನ ಯಜಮಾನ ತೀರಿಕೊಂಡ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ. 21ನೇ ಕಲಮಿನಂತೆ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಮಾರಾಟಗಾರನಲ್ಲೋ ಠೇವಣಿ ಇಡಿ. ಮರಣ ಪ್ರಮಾಣಪತ್ರ, ವಂಶಾವಳಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇಟ್ಟು ನಿಮ್ಮ ಹೆಸರಿಗೆ ನಮೂನೆ ಎ–1 ಹಾಕಿ. ಬಂದೂಕು ತೆಗೆದುಕೊಂಡು ಹೋಗುವ ಮೊದಲು ಠಾಣೆಗೆ ತಿಳಿಸಿ. ಮದ್ದು ತುಂಬಿದ ಹಾಗೇ ಇರಬಹುದಾದ ಹಳೆಯ ಮಜಲ್ ಲೋಡರನ್ನು ಮನೆಯಲ್ಲಿ ಬಿಚ್ಚಲು ಹೋಗದೆ, ಕೇಪು ಕೂರುವ ಜಾಗ ಮುಟ್ಟದೆ, ಬಾಯಿ ಯಾರ ಕಡೆಗೂ ತಿರುಗದಂತೆ ಇದ್ದಲ್ಲೇ ಬಿಟ್ಟು ಪೊಲೀಸರನ್ನೇ ಮನೆಗೆ ಕರೆಸಿ.